ಎಡರಟ್ಟೆಯ ಪಾಳಿ

ಮೊಮ್ಮಕ್ಕಳೇ, ನನ್ನ ಎರಡು ರಟ್ಟೆಗಳನ್ನು ನೋಡಿದರೆ ಒಂದೇ ಮೈಗೆ ಸೇರಿದವು ಅನ್ನಿಸುವುದಿಲ್ಲ. ಹಳೆಯ ಜಂಪರು ಒಯ್ದು, ಬಲತೋಳು ಮಾತ್ರ ಸಡಿಲು ಮಾಡು ಎಂದಾಗ ಶಹಾಬಜಾರದ ಟೇಲರ್ ಮಹಬೂಬ ನಕ್ಕ. "ಏನ್ರೀ ಅಮ್ಮಾ, ಒಂದು ತೋಳು ಪೈಲ್ವಾನಂದು, ಒಂದು ನಿಮ್ಮದೇನು?" ನಾನು ರಟ್ಟೆಯ ಮೇಲೆ ಸೆರಗು ಎಳೆದುಕೊಂಡೆ.

ಆ ಪೈಲ್ವಾನನನ್ನು ಸಾಕಿದ್ದು ಜೋಳದ ರೊಟ್ಟಿ. ಈ ಮನೆಗೆ ಬಂದಾಗಿನಿಂದ ಬಡಿದದ್ದೆಲ್ಲ ಬಲಗೈ. ಎಡಗೈ ಸುಮ್ಮನೆ ರೊಟ್ಟಿ ತಿರುಗಿಸುತ್ತ ಆರಾಮಾಗಿ ಇದ್ದುಬಿಟ್ಟಿತ್ತು.

ನಕ್ಕು ಬಿಡಬಹುದಿತ್ತು. ಆದರೆ ಒಮ್ಮೆ ಕಮಲಾಪುರದ ಬಸ್ಸು ಹತ್ತುವಾಗ, ಬಲಗೈಯಲ್ಲಿ ಚೀಲವಿತ್ತು, ಎಡಗೈ ಹಿಡಿದ ಕಂಬಿ ಜಾರಿ ಹಿಂದಿದ್ದವರ ಮೇಲೆ ಬಿದ್ದೆ. ಚೀಲ ಎಡಗೈಗೆ ಕೊಡಬಾರದಿತ್ತೇ ಎನ್ನಬೇಡಿ, ಅದು ಚೀಲವನ್ನೂ ಹೊರುತ್ತಿರಲಿಲ್ಲ. "ಅವ್ವಾ, ಇನ್ನ ಮ್ಯಾಲೆ ಒಬ್ಬಾಕಿನೇ ಹೋಗಬ್ಯಾಡ" ಎಂದ ನನ್ನ ಮಗ. ಕಮಲಾಪುರದಲ್ಲಿ ನನ್ನ ಅಕ್ಕ ಇದ್ದಾಳೆ. ಮನಸ್ಸು ಬಂದಾಗ ಅವಳ ಮನೆಗೆ ಹೋಗುವುದೊಂದೇ, ನಾನು ಯಾರನ್ನೂ ಕೇಳದೆ ಮಾಡುವ ಕೆಲಸ. ಅದನ್ನು ಬಿಟ್ಟುಕೊಡುವವಳಲ್ಲ ನಾನು.

ನಿಮ್ಮೊಳಗೆ ಜಿಮ್ಮಿಗೆ ಹೋಗುವವಳು ಸುಜಾತಾ ಒಬ್ಬಳೇ. ಅವಳೇ ಸಣ್ಣ ಡಂಬೆಲ್ ತಂದುಕೊಟ್ಟಳು. "ಆಯಿ, ಮೊದಲ ಎಡಗೈಲೆ ಎತ್ತು. ಅದಕ್ಕ ಎಷ್ಟ ಆಗ್ತದೋ ಬಲಗೈಲೆನೂ ಅಷ್ಟೇ ಎತ್ತು. ಹೆಚ್ಚಿಗಿ ಬ್ಯಾಡ." ಕೋಣೆಯ ಚಿಲಕ ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದುಕೊಂಡೇ ಎತ್ತಿದೆ. ಯಾರಿಗೆ ನಾಚುತ್ತಿದ್ದೆನೋ, ಆ ಡಂಬೆಲ್ಲಿಗೇ ಇರಬೇಕು.

ಎಡರಟ್ಟೆ ಗಟ್ಟಿಯಾಗತೊಡಗಿತು. ಆದರೆ ವ್ಯತ್ಯಾಸ ಇದ್ದಲ್ಲೇ ಇತ್ತು. ಹಳ್ಳಿಯ ಶಾಲೆಯಲ್ಲಿ ನಮ್ಮ ಮಾಸ್ತರು ತಕ್ಕಡಿ ಹಿಡಿದು ತೋರಿಸುತ್ತಿದ್ದರು: ಕೆಳಗಿಳಿದ ತಟ್ಟೆಗೂ ಮೇಲೆದ್ದ ತಟ್ಟೆಗೂ ಅಷ್ಟಷ್ಟೇ ಹಾಕುತ್ತ ಹೋದರೆ ಅವು ಎಂದೂ ಸಮ ಆಗುವುದಿಲ್ಲ. ಈ ಪಾಠ ನನಗೆ ನೆನಪಾದದ್ದು, ಒಂದು ಮುಂಜಾನೆ ಚಹಾಕ್ಕೆಂದು ಒಳಗೆ ಬಂದ ಸುಜಾತಾ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಹಣೆ ಬಡಿದುಕೊಂಡಾಗ. "ಆಯಿ! ಬಲಗೈಗೆ ಇಲ್ಲಿ ಇನ್ನೊಂದ ಜಿಮ್ಮೇ ಇಟ್ಟೀಯಲ್ಲ!"

ಅಂದಿನಿಂದ ಎಡಗೈಯಲ್ಲೇ ಬಡಿದೆ. ರೊಟ್ಟಿಯ ಅಂಚು ಹರಿಯಿತು, ನಡು ದಪ್ಪಾಯಿತು.

"ಅವ್ವಾ, ಇದು ರೊಟ್ಟಿನೋ, ಹೊಲದ ನಕಾಶೆನೋ?" ಎಂದ ಮಗ.

"ತಿನ್ನು, ಹೊಟ್ಟಿಯೊಳಗ ಗುಂಡಗ ಆಗ್ತದ" ಎಂದೆ.

ಮೊನ್ನೆ ಕಮಲಾಪುರದ ಬಸ್ಸು ಹತ್ತಿದೆ. ಮಗ ಬಸ್ ಸ್ಟ್ಯಾಂಡಿನಲ್ಲಿ ಕೈ ಚಾಚಿಕೊಂಡೇ ನಿಂತಿದ್ದ. ಎಡಗೈ ಕಂಬಿ ಹಿಡಿಯಿತು, ಬಿಡಲಿಲ್ಲ. ಅವನ ಕೈ ಹಾಗೆಯೇ ಉಳಿಯಿತು, ಕಡೆಗೆ ಅದನ್ನೇ ಬೀಸಿ ನನ್ನನ್ನು ಕಳಿಸಿಕೊಟ್ಟ. ಬರುವಾಗ ಅಕ್ಕ ಕೊಟ್ಟ ಕೆಂಪು ಬಾಳೆಹಣ್ಣಿನ ಚೀಲವನ್ನು ಬೇಕೆಂದೇ ಎಡಗೈಗೆ ಕೊಟ್ಟೆ.

ರಟ್ಟೆಗಳು ಇನ್ನೂ ಸರಿಸಮ ಆಗಿಲ್ಲ. ಆಗದಿದ್ದರೂ ಚಿಂತೆಯಿಲ್ಲ. ನಿನ್ನೆ ಮತ್ತೆ ಮಹಬೂಬನ ಅಂಗಡಿಗೆ ಹೋಗಿದ್ದೆ, ಎಡತೋಳನ್ನೂ ಸ್ವಲ್ಪ ಸಡಿಲು ಮಾಡು ಎಂದು ಹೇಳಲು. ಈ ಸಲ ಸೆರಗು ಎಳೆದುಕೊಳ್ಳಲಿಲ್ಲ.