ಇಬ್ಬರಿಗೂ ಬೇಡವಾದ ಬಹುಮಾನ

ದಾವಣಗೆರೆಯ ಕಾಲೇಜೊಂದರಲ್ಲಿ ನಾನು ನೀತಿಶಾಸ್ತ್ರ ಪಾಠ ಮಾಡುತ್ತೇನೆ. ಒಳ್ಳೆಯ ಬಾಳನ್ನು ಸುಖದಿಂದ ಅಳೆಯಬೇಕೋ ಕರ್ತವ್ಯದಿಂದಲೋ ಎಂಬ ಪ್ರಬಂಧಕ್ಕೆ ಈ ಸಲ ಬಹುಮಾನ ಬಂದದ್ದು ಹರಿಹರದ ರುಖ್ಸಾನಾಗೆ. ಅವಳು ಬರೆದಿದ್ದಳು: "ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಡದೆ ನಿದ್ದೆ ನಟಿಸುವವನು ಸುಖವಾಗಿದ್ದಾನೆ, ಯಾವ ನಿಯಮವನ್ನೂ ಮುರಿದಿಲ್ಲ. ಆದರೂ ಅವನಂತಾಗಲು ನಮಗೆ ಮನಸ್ಸಿಲ್ಲ. ಹಾಗಾದರೆ ನಾವು ಎಂಥವರಾಗಬೇಕು ಎಂಬುದೇ ಮೊದಲ ಪ್ರಶ್ನೆ."

ಸಮಾರಂಭದ ಬೆಳಿಗ್ಗೆ ಅವಳು ಗೆಳತಿ ಸವಿತಾಳನ್ನು ಎಳೆದುಕೊಂಡು ಬಂದಳು.

"ಸಾರ್, ಬಹುಮಾನ ನನಗೆ ಬ್ಯಾಡ. ನಿದ್ದೆಯವನ ಮಾತು ಇವಳದು, ಬಸ್ಸಿನಾಗೆ ಹೇಳಿದ್ಲು."

ಸವಿತಾ ರೇಗಿದಳು. "ನಾನು ಆ ಮನುಷ್ಯನ್ನ ಬೈದಿದ್ದೆ ಅಷ್ಟೆ ಸಾರ್! ಅದ್ರಾಗೆ ತತ್ವ ಐತೆ ಅಂತ ಕಂಡುಹಿಡಿದಾಕಿ ಈ ಮಹಾಜ್ಞಾನಿ."

"ಗೆಳತಿಯಿಂದ ಕೇಳಿದ್ದನ್ನು ಬರೆದರೆ ಅದು ನಕಲಲ್ಲಮ್ಮ" ಎಂದೆ.

"ನಿಯಮದಾಗೆ ತಪ್ಪಿಲ್ಲ ಬಿಡ್ರಿ. ಆದ್ರೆ ಸ್ಟೇಜಿನ ಮ್ಯಾಲೆ ನಾನೂ ನಿದ್ದೆ ಬಂದವಳಂಗೆ ಹೆಂಗೆ ನಿಂದ್ರಲಿ?" ಎಂದಳು ರುಖ್ಸಾನಾ.

ಬಹುಮಾನಪತ್ರದಲ್ಲಿ ಇಬ್ಬರ ಹೆಸರನ್ನೂ ಬರೆಸಿದೆ. ಇಬ್ಬರೂ ಜಗಳವಾಡುತ್ತಲೇ ವೇದಿಕೆ ಹತ್ತಿದರು.

ಮಾತು ಕಡಿಮೆಯ ನಾನು ಆ ರಾತ್ರಿ ಊಟ ಮುಗಿಯುವವರೆಗೂ ನನ್ನ ವಿದ್ಯಾರ್ಥಿನಿಯರ ಸುದ್ದಿಯನ್ನೇ ಹೇಳಿದೆ. ಹೆಂಡತಿ ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಏನೂ ಇಲ್ಲ" ಎಂದಳು.