ಪಂಚಾಕ್ಷರಪ್ಪನವರು ಯಾವ ಗುಂಪು?

ತಾಳಗುಂದದ ಆಸುಪಾಸಿನಲ್ಲಿ ಹೊಸದೇನೇ ಬರಲಿ, ಅದು ಮೊದಲು ಚಪ್ಪಲಿ ಬಿಡುವುದು ಪಂಚಾಕ್ಷರಪ್ಪನವರ ಜಗುಲಿಯ ಮುಂದೆ. ಹೀಗೆಂದು ಊರವರು ಹೇಳಿದ್ದಲ್ಲ, ಪಂಚಾಕ್ಷರಪ್ಪನವರೇ ಹೇಳಿದ್ದು. ಊರಿಗೆ ಮೊದಲ ಪವರ್ ಟಿಲ್ಲರ್ ತಂದವರು ಅವರು. ಮೊದಲು ಹನಿ ನೀರಾವರಿ ಹಾಕಿಸಿದವರೂ ಅವರೇ. ಎಮು ಹಕ್ಕಿ ಸಾಕುವುದರಲ್ಲಂತೂ ಅವರು ಮೊದಲಿಗರೂ ಹೌದು, ಕೊನೆಯವರೂ ಹೌದು. ಬೇಲಿ ನುಸುಳಿ ಹೋದ ಎಮುಗಳ ಹಿಂದೆ ಅವರು ಪಂಚೆ ಎತ್ತಿ ಕಟ್ಟಿ ಶಿರಾಳಕೊಪ್ಪದ ರಸ್ತೆಯಲ್ಲಿ ಓಡಿದ್ದನ್ನು ಬಸ್ಸಿನ ಕಿಟಕಿಯಿಂದ ಕಂಡವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಮನೆಯೊಳಗೆ ಮಾತ್ರ ಆ ಹಕ್ಕಿಯ ಹೆಸರೆತ್ತುವಂತಿಲ್ಲ. ಅದು ಹೆಂಡತಿ ರಾಜೇಶ್ವರಮ್ಮನವರ ಕಾನೂನು.

ಹೀಗೆ ಮೊದಲಿಗರಾಗಿಯೇ ಅರವತ್ತು ದಾಟಿದವರ ಜಗುಲಿಗೆ ಈ ಮಳೆಗಾಲದಲ್ಲಿ ಚೈತ್ರಶ್ರೀ ಎಂಬ ಅರ್ಥಶಾಸ್ತ್ರಜ್ಞೆ ಬಂದಳು. ಸೀಮೆ ಬೆಳೆದು ಶ್ರೀಮಂತವಾದಂತೆ ಅದರ ಮಣ್ಣು ನೀರು ಕೆಡಲೇಬೇಕೆ, ಹೊಸ ತಿಳಿವಳಿಕೆ ಕೈಗೆ ಸಿಕ್ಕರೆ ರೈತ ಅದನ್ನು ಬಳಸುತ್ತಾನೋ ಇಲ್ಲವೋ, ಇದು ಅವಳ ಸಂಶೋಧನೆ. ಪಂಚಾಕ್ಷರಪ್ಪನವರು ಪ್ರತಿ ಮಾತಿಗೂ, ಇದನ್ನು ತಾವೇ ಹಿಂದೊಮ್ಮೆ ಹೇಳಿದ್ದೆವು ಎಂಬಂತೆ ತಲೆದೂಗಿದರು.

ಅವಳ ಕೈಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಪಟ್ಟಿಯಿತ್ತು. ಅದರಲ್ಲಿ ಎಳೆಯದರಿಂದ ಕಡುಹಸಿರಿನ ತನಕ ನಾಲ್ಕು ಹಸಿರು. ಸೂರ್ಯನಿಗೆ ಬೆನ್ನು ಹಾಕಿ, ಮೈಯ ನೆರಳಿನಲ್ಲಿ ಭತ್ತದ ಎಲೆಯನ್ನು ಪಟ್ಟಿಯ ಮೇಲಿಟ್ಟು ನೋಡಬೇಕು. ಎಲೆ ತೀರಾ ತಿಳಿಯಾಗಿದ್ದರೆ ಯೂರಿಯಾ, ಇಲ್ಲದಿದ್ದರೆ ಬೇಡ. ಸುಮ್ಮನೆ ಸುರಿಯುವುದು ತಪ್ಪುತ್ತದೆ, ಹಳ್ಳದ ನೀರೂ ಉಳಿಯುತ್ತದೆ.

"ಕೊಡ್ರಿ ಇಲ್ಲಿ," ಎಂದು ಪಂಚಾಕ್ಷರಪ್ಪನವರು ಕೈ ಚಾಚಿದರು.

"ಸರ್, ಇದು ನಿಮಗಲ್ಲ."

ಚಾಚಿದ ಕೈ ಅಲ್ಲೇ ನಿಂತಿತು. ಚೀಟಿ ಎತ್ತಿದ್ದೇವೆ, ಅರ್ಧ ರೈತರಿಗೆ ಪಟ್ಟಿ ಉಂಟು, ಇನ್ನರ್ಧಕ್ಕಿಲ್ಲ, ಕೊನೆಗೆ ಎರಡನ್ನೂ ಹೋಲಿಸಿ ನೋಡುತ್ತೇವೆ ಎಂದು ಚೈತ್ರಶ್ರೀ ವಿವರಿಸಿದಳು. "ನೀವು ಪಟ್ಟಿ ಇಲ್ಲದ ಗುಂಪು ಸರ್. ಯಾವಾಗಲೂ ಹೇಗೆ ಮಾಡ್ತೀರೋ ಹಾಗೇ ಮಾಡಿ. ಅಷ್ಟೇ ನಮಗೆ ಬೇಕಾಗಿರೋದು."

ಪಟ್ಟಿ ಹೋಗಿದ್ದು ಪಕ್ಕದ ಮನೆಯ ಉಜ್ಜಪ್ಪನಿಗೆ. ಊರೆಲ್ಲ ಟಿಲ್ಲರ್ ಓಡಿಸುತ್ತಿದ್ದಾಗ, ಇನ್ನೊಂದು ವರ್ಷ ನೋಡೋಣ ಎಂದು ಎತ್ತಿನ ಕೊರಳು ಸವರುತ್ತಿದ್ದ ಉಜ್ಜಪ್ಪನಿಗೆ!

ಊಟಕ್ಕೆ ಕೂತವರು ರೊಟ್ಟಿ ಮುರಿಯುತ್ತ ಹೆಂಡತಿಯನ್ನು ಕೇಳಿದರು. "ಯಾವಾಗಲೂ ಮಾಡಿದಂಗೆ ಮಾಡ್ರಿ ಅಂತಾಳೆ. ನಾನು ಯಾವಾಗಲೂ ಏನು ಮಾಡ್ತೀನಿ, ಹೇಳು?"

"ಅರ್ಧ ರೊಟ್ಟಿ ತಟ್ಟೇಲಿ ಬಿಟ್ಟು ಏಳ್ತೀರಿ," ಎಂದರು ರಾಜೇಶ್ವರಮ್ಮ.

"ಅದಲ್ಲ ಕಣೇ. ಹೊಸದು ಬಂದ್ರೆ ಮೊದಲು ಕೈ ಹಚ್ಚೋನು ನಾನು. ಅದೇ ಅಲ್ಲೇನು ನನ್ನ ಯಾವಾಗಲೂ? ಈಗ ಪಟ್ಟಿ ಹಿಡಿದ್ರೆ ಆಕಿ ಮಾತು ಮೀರಿದಂಗೆ. ಹಿಡೀದಿದ್ರೂ ಮೀರಿದಂಗೆ!"

"ಹಂಗಾದ್ರೆ ಪಲ್ಯ ಹಾಕ್ಕಳ್ರಿ."

ದಿನಗಳು ಹೋದವು. ವಿಚಿತ್ರವೆಂದರೆ ಪಟ್ಟಿ ಸಿಕ್ಕವರು ಯಾರೂ ಅದನ್ನು ಗದ್ದೆಗೆ ಒಯ್ಯಲಿಲ್ಲ. ಉಜ್ಜಪ್ಪನ ಪಟ್ಟಿ ಕ್ಯಾಲೆಂಡರಿನ ಮೊಳೆಗೆ ನೇತುಬಿದ್ದಿತ್ತು. ಬದುವಿನ ಮೇಲೆ ಸಿಕ್ಕಾಗ ಅವನೇ ಕೇಳಿದ, "ಅಣ್ಣಾರೆ, ಪಟ್ಟಿ ಹಿಡಿದು ನೋಡಿದ್ರಾ?"

"ನಂಗೆಲ್ಲಿ ಕೊಟ್ಟಾರೋ?"

"ಹೌದಾ? ಹಂಗಾದ್ರೆ ತಡೀರಿ, ನೋಡಾಣ," ಎಂದು ಉಜ್ಜಪ್ಪ ಹೊರಟುಹೋದ. ಏನು ನೋಡುವುದು, ಯಾಕೆ ತಡೆಯುವುದು, ಪಂಚಾಕ್ಷರಪ್ಪನವರಿಗೆ ಅರ್ಥವಾಗಲಿಲ್ಲ. ಎರವಲು ಕೇಳಬಹುದಿತ್ತು. ಆದರೆ ಉಜ್ಜಪ್ಪನ ಹತ್ತಿರ ಹೊಸ ವಸ್ತುವಿಗೆ ಕೈಯೊಡ್ಡುವುದೆಂದರೆ ಮೀಸೆ ಬೋಳಿಸಿಕೊಂಡಂತೆ.

ಮರುದಿನ, ಮಗಳು ಸ್ಪಂದನಳನ್ನು ನೋಡುವ ನೆಪ ಹೇಳಿ ಸೊರಬದ ಬಸ್ಸು ಹತ್ತಿದರು. ಅಲ್ಲಿ ಅವಳ ಮಾವ, ಬೀಗರಾದ ಪರಮಶಿವಪ್ಪನವರಿಗೂ ಪಟ್ಟಿ ಸಿಕ್ಕಿದೆಯೆಂಬ ಸುದ್ದಿಯಿತ್ತು. ಹುಡುಕಿದರೆ ಅದು ಟಿವಿ ಇಟ್ಟ ಮೇಜಿನ ಕಾಲಡಿಯಲ್ಲಿ ಸಿಕ್ಕಿತು.

"ಮೇಜು ಅಲ್ಲಾಡ್ತಿತ್ತು ಮಾರಾಯ್ರೆ," ಎಂದರು ಪರಮಶಿವಪ್ಪ. "ಬೇಕಾದ್ರೆ ತಗಂಡ್ ಹೋಗಿ. ಹಸಿರು ಯಾವ್ದು ಅಂತ ಈ ವಯಸ್ಸಲ್ಲಿ ನಂಗೆ ಪ್ಲಾಸ್ಟಿಕ್ ಹೇಳಿಕೊಡಬೇಕಾ?"

ಅಂದಿನಿಂದ ಪಂಚಾಕ್ಷರಪ್ಪನವರು ಪಟ್ಟಿಯನ್ನು ಟವೆಲಿನಲ್ಲಿ ಸುತ್ತಿ ಬೆಳಿಗ್ಗೆ ಗದ್ದೆಗಿಳಿಯತೊಡಗಿದರು. ಸೂರ್ಯನಿಗೆ ಬೆನ್ನು ಹಾಕಿ, ಬಗ್ಗಿ, ಕಳ್ಳನಂತೆ ಎಲೆ ನೋಡಿದರು. ಎಲೆ ಒಮ್ಮೆ ಎರಡನೆಯ ಹಸಿರಿನಂತೆ, ಒಮ್ಮೆ ಮೂರನೆಯದರಂತೆ ಕಂಡಿತು. ಕನ್ನಡಕ ತೆಗೆದರೆ ನಾಲ್ಕೂ ಒಂದೇ. ಅಂತೂ ಆ ಸಲ ಯೂರಿಯಾ ಹಾಕಲಿಲ್ಲ. ಒಂದು ವಾರದೊಳಗೆ ತಲೆಯೆತ್ತಿ ನೋಡುತ್ತಾರೆ, ಬಯಲಿನ ತುಂಬ ಜನ ಸೂರ್ಯನಿಗೆ ಬೆನ್ನು ಹಾಕಿ ಬಗ್ಗಿದ್ದಾರೆ! ಪಟ್ಟಿ ಸಿಗದವರೂ ಸಿಕ್ಕವರಿಂದ ಇಸಿದುಕೊಂಡು ಬಗ್ಗಿದ್ದಾರೆ.

ಚೈತ್ರಶ್ರೀ ಮತ್ತೆ ಬಂದಾಗ, ಹೋಲಿಸಿ ನೋಡಲು ಪಟ್ಟಿ ಇಲ್ಲದ ಗುಂಪೇ ಉಳಿದಿಲ್ಲವೆಂದು ಕಂಡು ಅವಳ ಮುಖ ಬಾಡಿತು. ಸಹಕಾರ ಸಂಘದ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ಕೇಳಿದಳು: "ಅಷ್ಟು ದಿನ ಒಬ್ಬರೂ ಬಳಸಿಲ್ಲ. ಆಮೇಲೆ ಒಂದೇ ವಾರದಲ್ಲಿ ಎಲ್ಲರೂ. ಯಾಕೆ?"

"ಪಂಚಾಕ್ಷರಪ್ಪಣ್ಣಾರು ಮೊದಲು ಹಿಡೀಲಿ ಅಂತ ಕಾಯ್ತಿದ್ವಿ ಮೇಡಂ," ಎಂದ ಉಜ್ಜಪ್ಪ.

ಪಂಚಾಕ್ಷರಪ್ಪನವರ ಎದೆ ಅಂಗಿಯ ಗುಂಡಿಗೆ ತಾಗಿತು. ಆದರೂ ವಿನಯ ಬಿಡದೆ, "ಛೇ ಛೇ, ನನ್ನದೇನೈತೆ," ಎಂದರು.

"ಯಾಕೆ ಅವರೇ ಮೊದಲು?" ಎಂದಳು ಚೈತ್ರಶ್ರೀ.

"ಕೆಟ್ರೆ ಅವ್ರದು ಕೆಡ್ಲಿ ಅಂತ. ಉಳಿದ್ರೆ ಆಮೇಲೆ ನಾವಿದ್ದೇವಲ್ಲ. ಊರಾಗೆ ಬ್ಯಾರೆ ಒಬ್ಬರೂ ಎಮು ತರದೆ ಬಚಾವಾಗಿದ್ದು ಹಿಂಗೇ ಮೇಡಂ!"

ಕಟ್ಟೆ ಬಿದ್ದು ಬಿದ್ದು ನಕ್ಕಿತು. ಪಂಚಾಕ್ಷರಪ್ಪನವರೂ ನಕ್ಕರು, ಯಾಕೆಂದು ತಿಳಿಯದೆ. ಇದು ಹೊಗಳಿಕೆಯೋ ಬೈಗುಳವೋ? ಇಷ್ಟು ವರ್ಷ ತಾವು ಊರಿನ ಮುಂದೆ ನಡೆದದ್ದೋ, ಊರು ತಮ್ಮನ್ನು ಮುಂದೆ ತಳ್ಳಿದ್ದೋ?

"ನಾನು ಈಗ ಯಾವ ಗುಂಪು ಮೇಡಂ?" ಎಂದು ಮೆಲ್ಲಗೆ ಕೇಳಿದರು.

"ಯಾವುದೂ ಅಲ್ಲ ಸರ್. ನಿಮ್ಮನ್ನ ಲೆಕ್ಕದಿಂದಲೇ ಬಿಡಬೇಕಾಗುತ್ತೆ." ಅವರ ಮುಖ ನೋಡಿ ಅವಳಿಗೇ ಕೆಡುಕೆನಿಸಿರಬೇಕು. "ಆದರೆ ಇನ್ನು ಮುಂದೆ ಯಾವ ಊರಿಗೆ ಹೋದರೂ, ಅಲ್ಲಿ ನಿಮ್ಮಂಥವರು ಯಾರು ಅಂತ ಮೊದಲು ಹುಡುಕ್ತೀನಿ."

"ನಮ್ಮಂಥವರು ಅಂದ್ರೆ?"

ಅವಳು ಚಹಾದ ಲೋಟ ಎತ್ತಿಕೊಂಡಳು.

ಇನ್ನು ಯಾವುದಕ್ಕೂ ತಾನು ಮೊದಲಿಗನಲ್ಲ ಎಂದು ಪಂಚಾಕ್ಷರಪ್ಪನವರು ಅಂದೇ ನಿರ್ಧರಿಸಿದರು. ಬೆಳಿಗ್ಗೆ ಬರಿಗೈಯಲ್ಲಿ ಗದ್ದೆಗೆ ಹೋದರು. ಸುತ್ತಲಿನ ಬದುಗಳ ಮೇಲೆ ಜನ ಪಟ್ಟಿ ಹಿಡಿದು ನಿಂತಿದ್ದರು.

"ಅಣ್ಣಾರೆ, ಇವತ್ತು ಗೊಬ್ಬರ ಬೇಕೋ ಬ್ಯಾಡೋ?" ಎಂದು ಉಜ್ಜಪ್ಪ ಕೂಗಿದ.

"ನಿನ್ನ ಕೈಯಾಗೇ ಪಟ್ಟಿ ಐತಲ್ಲೋ, ನೋಡ್ಕ!"

"ಐತೆ. ನೀವು ನೋಡಿದ ಮ್ಯಾಲೆ ನೋಡಾಣ ಅಂತ."

ಪಂಚಾಕ್ಷರಪ್ಪನವರು ಕಲ್ಲಿನಂತೆ ನೆಟ್ಟಗೆ ನಿಂತರು. ಊರೂ ನಿಂತಿತು. ಅಷ್ಟರಲ್ಲಿ ಕೆಂಜಿಗವೊಂದು ಹಿಮ್ಮಡಿಗೆ ಕಚ್ಚಿತು. ತಡೆದರು, ತಡೆದರು, ಆಗಲಿಲ್ಲ. ಅಭ್ಯಾಸಬಲದಿಂದ ಸೂರ್ಯನಿಗೆ ಬೆನ್ನು ಹಾಕಿಯೇ ಬಗ್ಗಿದರು. ಓರೆಗಣ್ಣಿನಲ್ಲಿ ನೋಡಿದರೆ ಬಯಲಿನ ಉದ್ದಕ್ಕೂ ಬೆನ್ನುಗಳು ಬಗ್ಗಿದ್ದವು. ಇರುವೆ ಯಾವಾಗಲೋ ಉದುರಿಹೋಯಿತು. ಈಗ ಎದ್ದರೆ ಊರು ಗೊಬ್ಬರ ಹಾಕುತ್ತದೋ, ಬಿಡುತ್ತದೋ? ಪಂಚಾಕ್ಷರಪ್ಪನವರಿಗೆ ತಿಳಿಯಲಿಲ್ಲ. ತಿಳಿಯುವ ತನಕ ಇರಲಿ ಎಂದು, ಹಿಮ್ಮಡಿ ಹಿಡಿದುಕೊಂಡು ಹಾಗೆಯೇ ಬಗ್ಗಿ ನಿಂತರು.