ಎಲ್ಲೂ ಹೋಗದ ಫೋಟೋಗಳು

ಯಲಹಂಕ ಹಳೇ ಊರಿನ ಅಂಜನಮ್ಮನ ಮನೆಯಲ್ಲಿ ಸೊಸೆ ಧನಲಕ್ಷ್ಮಿಗೆ ಹಸಿರು ಬಳೆ ತೊಡಿಸುತ್ತಿದ್ದಾಗ ರಾಧಾಮಣಿಯ ಕ್ಯಾಮೆರಾ ನಿಂತುಹೋಯಿತು. ಗುಂಡಿ ಒತ್ತಿದರೆ ಫ್ಲ್ಯಾಶ್ ಬೆಳಗಲಿಲ್ಲ. ‘ಟೀಂಕ್’ ಎಂಬ ಸಣ್ಣ ಸದ್ದೊಂದು ಬಂತು. ಸೆಲ್ಲುಗಳನ್ನು ಹೊರತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿ ಒತ್ತಿದಳು. ಮತ್ತೆ ಅದೇ ಸದ್ದು.

“ಏನಾಯ್ತೇ ಅದ್ಕೆ?” ಎಂದಳು ಅಂಜನಮ್ಮ.

“ಗೊತ್ತಾಗ್ತಿಲ್ಲ ಅಂಜನಕ್ಕ. ಸೆಲ್ಲು ಬೆಳಿಗ್ಗೆ ತಾನೆ ಹೊಸದು ಹಾಕಿದ್ದೆ.”

ಬಾಗಿಲ ಬಳಿ ನಿಂತಿದ್ದ ನೆಂಟರ ಹುಡುಗಿಯೊಬ್ಬಳು ಮೆಲ್ಲಗೆ, “ನನ್ ಫೋನ್ ತರ್ಲಾ ದೊಡ್ಡಮ್ಮ?” ಎಂದಳು.

“ಮೊರ ಮುಟ್ಟಿದ್ರೆ ನೋಡು!” ಎಂದು ಗದರಿದಳು ಅಂಜನಮ್ಮ.

ಹೊಸಿಲ ಪಕ್ಕದಲ್ಲಿ ಒಂದು ಮೊರವಿತ್ತು. ಬಂದ ಹೆಂಗಸರೆಲ್ಲರ ಫೋನುಗಳೂ ಅದರಲ್ಲಿ ಮಗುಚಿಕೊಂಡು ಮಲಗಿದ್ದವು. ಈ ಸೀಮಂತದ ಫೋಟೋ ರಾಧಾಮಣಿಯ ಹಳೇ ಡಬ್ಬದಲ್ಲಲ್ಲದೆ ಬೇರೆ ಯಾವುದರಲ್ಲೂ ಬೀಳಕೂಡದು ಎಂದು ಅಂಜನಮ್ಮ ಮೊದಲೇ ಕಟ್ಟುಮಾಡಿದ್ದಳು. ಧನಲಕ್ಷ್ಮಿಯ ಮೊದಲ ಬಸಿರಿನ ಸುದ್ದಿ ಫೋಟೋ ಸಮೇತ ನೆಂಟರ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಐದನೇ ತಿಂಗಳಲ್ಲಿ ಮಗು ಉಳಿಯಲಿಲ್ಲ. ಡಾಕ್ಟರು ಒಂದು ಕಾರಣ ಹೇಳಿದರು, ಅಂಜನಮ್ಮ ಇನ್ನೊಂದು ಹೇಳಿದಳು. ಧನಲಕ್ಷ್ಮಿ ಎರಡನ್ನೂ ನಂಬಿದಳು.

ರಾಧಾಮಣಿ ಹುಣಸಮಾರನಹಳ್ಳಿಯವಳು. ರವಿಕೆ ಹೊಲಿಯುವುದು ಅವಳ ಕಸುಬು. ವಿಮಾನ ನಿಲ್ದಾಣ ಶುರುವಾದ ವರ್ಷ, ಅಂದರೆ 2008ರಲ್ಲಿ, ಅವಳ ಅಣ್ಣ ಸುರೇಶ್ ಮಗಳ ನಾಮಕರಣಕ್ಕೆಂದು ಈ ಕ್ಯಾಮೆರಾ ಕೊಂಡಿದ್ದ. ಬೆಳ್ಳಿ ಬಣ್ಣ, ಸೋಪಿನ ಡಬ್ಬಿಯಷ್ಟು ದಪ್ಪ, ಹೊಟ್ಟೆಯಲ್ಲಿ ಎರಡು ಪೆನ್ಸಿಲ್ ಸೆಲ್ಲು. ಅವನು ತೆಗೆದ ಫೋಟೋಗಳಲ್ಲಿ ಮಗುವಿಗಿಂತ ತೊಟ್ಟಿಲ ಕಾಲುಗಳೇ ಹೆಚ್ಚು ಬಂದವು. “ಸೂಜಿಗೆ ದಾರ ಪೋಣಿಸೋ ಕೈ ಕಣೇ ನಿಂದು, ನಡುಗಲ್ಲ. ನೀನೇ ಇಟ್ಕೊ” ಎಂದು ತಂಗಿಗೆ ಕೊಟ್ಟುಬಿಟ್ಟ.

ಅಳತೆ ತೆಗೆಯಲು ಮನೆಮನೆಯ ಒಳಕೋಣೆಗೆ ಹೋಗುತ್ತಿದ್ದವಳು ಕ್ಯಾಮೆರಾವನ್ನೂ ಜೊತೆಗೆ ಒಯ್ಯತೊಡಗಿದಳು. ಸೀಮಂತ, ಆರತಿ, ಬಾಣಂತಿಯ ಎಣ್ಣೆನೀರು ಇಂಥ ಕಡೆ ಸ್ಟುಡಿಯೋ ಗಂಡಸರನ್ನು ಕರೆಯುವಂತಿರಲಿಲ್ಲ. ಯಾರ ಸೊಂಟ ಎಷ್ಟು ಇಂಚು ಎಂಬುದನ್ನು ಈವರೆಗೆ ಯಾರಿಗೂ ಬಾಯಿಬಿಡದ ರಾಧಾಮಣಿಯನ್ನು ಕರೆಯಬಹುದಿತ್ತು.

ಎಲ್ಲರ ಕೈಗೂ ಟಚ್ ಫೋನು ಬಂದಾಗ ಒಂದೆರಡು ವರ್ಷ ಅವಳನ್ನು ಕೇಳುವವರಿರಲಿಲ್ಲ. ಅಷ್ಟರಲ್ಲಿ ಒಂದು ಮನೆಯ ಬಳೆಶಾಸ್ತ್ರದ ಫೋಟೋ, ಹೆಂಗಸರು ಕಾಲು ಚಾಚಿ, ಸೆರಗು ಜಾರಿಸಿಕೊಂಡು, ಬಿದ್ದೂ ಬಿದ್ದೂ ನಗುತ್ತಿದ್ದ ಫೋಟೋ, ಯಾರದೋ ಫೋನಿನಿಂದ ಹೊರಟು ಗುರುತಿಲ್ಲದ ಗಂಡಸೊಬ್ಬನ ಸ್ಟೇಟಸ್ಸಿನಲ್ಲಿ ಕಾಣಿಸಿಕೊಂಡಿತು. ಆಮೇಲೆ ಅದೇ ಹೆಂಗಸರು, “ನಿನ್ ಡಬ್ಬ ಇದೆಯೇನೇ ಇನ್ನೂ? ತಗೊಂಬಾ” ಎಂದು ಹೇಳಿಕಳಿಸಿದರು. ಯಾರಿಗೂ ಏನನ್ನೂ ಕಳಿಸಲು ಬಾರದ ಯಂತ್ರ ಅದು. ಅದೇ ಅದರ ಗುಣವಾಯಿತು. ಅದರ ಫ್ಲ್ಯಾಶೂ ಜನಕ್ಕೆ ಹಿಡಿಸಿತ್ತು. ಬಿಳೀ ಬೆಳಕು ರಪ್ಪನೆ ಹೊಡೆದರೆ ಬಳೆಯ ಗಾಜು, ಜರಿ, ಹಣೆಯ ಬೆವರು ಎಲ್ಲ ಇದ್ದದ್ದು ಇದ್ದಂತೆ ಹೊಳೆಯುತ್ತಿದ್ದವು. “ಫೋನು ಎಲ್ರ ಮುಕಕ್ಕೂ ಮೈದಾ ಮೆತ್ತುತ್ತೆ” ಎನ್ನುತ್ತಿದ್ದಳು ಅಂಜನಮ್ಮ.

ರಾಧಾಮಣಿಗೆ ಒಂದು ಪದ್ಧತಿಯಿತ್ತು. ಪ್ರಿಂಟು ಹಾಕಿಸಿ ತಂದು ಆಲ್ಬಮ್ಮು ಕೈಗಿಟ್ಟ ಮೇಲೆ, ಕ್ಯಾಮೆರಾದಲ್ಲಿರುವುದನ್ನು ಮನೆಯವರ ಎದುರೇ ಅಳಿಸಬೇಕು. ಕೊನೆಯ ಗುಂಡಿಯನ್ನು ಮನೆಯೊಡತಿಯ ಬೆರಳಿನಿಂದಲೇ ಒತ್ತಿಸಬೇಕು. “ಇನ್ನು ನನ್ ಹತ್ರ ಏನೂ ಇಲ್ಲ” ಎಂದು ಹೇಳಿಯೇ ಅವಳು ಕಾಫಿ ಕುಡಿಯುತ್ತಿದ್ದಳು. ಎರಡು ವರ್ಷದ ಹಿಂದೆ ಕ್ಯಾಮೆರಾ ಬಚ್ಚಲುಕಲ್ಲಿನ ಮೇಲೆ ಬಿದ್ದು ಹಿಂಬದಿಯ ಪರದೆ ಕಪ್ಪಾಯಿತು. ಅಂದಿನಿಂದ ಮೇಲಿನ ಕಿಂಡಿಗೆ ಕಣ್ಣಿಟ್ಟು ಫೋಟೋ ತೆಗೆದಳು, ಅಳಿಸುವ ಗುಂಡಿಗಳನ್ನು ಬೆರಳ ಅಂದಾಜಿನಲ್ಲಿ ಒತ್ತಿದಳು. ಪದ್ಧತಿ ತಪ್ಪಲಿಲ್ಲ.

ಈಗ ಅಂಜನಮ್ಮ ಗೋಡೆಯ ಗಡಿಯಾರ ನೋಡಿದಳು. ಭಾನುವಾರ, ನಾಲ್ಕೂವರೆಗೆ ರಾಹುಕಾಲ. ಮಡಿಲು ತುಂಬಿ ಆರತಿ ಎತ್ತುವುದು ಇನ್ನೂ ಬಾಕಿ. “ಓಗಿ ತೋರಿಸ್ಕೊಂಡು ಬಿರ್ರನೆ ಬಾ. ಅಲ್ಲೀಗಂಟ ಇವ್ರು ಸೋಬಾನೆ ಏಳ್ತಾ ಇರ್ತಾರೆ.”

ಅಕ್ಬರ್ ಪಾಷಾನ ಸ್ಟುಡಿಯೋ ಎರಡು ಬೀದಿಯಾಚೆ. ರಾಧಾಮಣಿ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಬೆಳಿಗ್ಗೆ ಕೊಟ್ಟು ಸಂಜೆ ಬಂದು ಪ್ರಿಂಟು ಒಯ್ಯುತ್ತಿದ್ದಳೇ ಹೊರತು, ಅವನ ಕಂಪ್ಯೂಟರಿನ ಮುಂದೆ ಯಾವತ್ತೂ ಕೂತವಳಲ್ಲ. ಪಾಷಾ ಕಾರ್ಡು ಸಿಕ್ಕಿಸಿ ಒಂದೇ ನೋಟಕ್ಕೆ ಹೇಳಿದ.

“ತುಂಬೋಗಿದೆಯಲ್ಲಮ್ಮಾ. ಜಾಗ ಎಲ್ಲಿದೆ ಇದ್ರಲ್ಲಿ?”

“ಹೆಂಗ್ ತುಂಬುತ್ತೆ ಪಾಷಣ್ಣ? ಪ್ರತೀ ಸಲ ಅಳಿಸ್ತೀನಿ.”

“ಅಳಿಸ್ತೀರಾ? ನೀವು ಬೇಕೂಂತ ಇಟ್ಕೊಂಡಿದ್ದೀರಿ ಅನ್ಕೊಂಡಿದ್ದೆ ನಾನು! ಕೊನೇ ಫಂಕ್ಷನ್ನಿಂದು ಮಾತ್ರ ಪ್ರಿಂಟ್ ಹಾಕಿ ಕೊಡ್ತಿದ್ದೆ.”

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಎರಡು ವರ್ಷದ ಹೆಂಗಸರೆಲ್ಲ ಅಲ್ಲಿದ್ದರು. ಎಣ್ಣೆ ಮೆತ್ತಿಕೊಂಡ ಬಾಣಂತಿಯರು, ಬಾಯ್ತುಂಬ ಹೋಳಿಗೆ ತುಂಬಿಕೊಂಡ ಅತ್ತಿಗೆಯರು. ಕಳೆದ ವರ್ಷ ತೀರಿಕೊಂಡ ಮುನಿನಾರಾಯಣಮ್ಮ ಮೊಮ್ಮಗಳ ಹೊಟ್ಟೆಗೆ ಕಿವಿಯಿಟ್ಟು ಕೂತಿದ್ದಳು.

ಪಾಷಾ ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿ, ಅವಳು ಹೇಗೆ ಅಳಿಸುತ್ತಾಳೆಂದು ಒತ್ತಿ ತೋರಿಸಲು ಹೇಳಿದ. ಅವಳು ಒತ್ತಿದಳು. ‘ಟೀಂಕ್’ ಎಂದಿತು.

“ಅದೇ ನೋಡಿ. ಪರದೆ ಕಪ್ಪಾಗಿರೋದಕ್ಕೆ ನಿಮ್ಗೆ ಕಾಣ್ತಿಲ್ಲ, ಎಲ್ಲಾ ಅಳಿಸಬೇಕಾ ಅಂತ ಕೇಳುತ್ತೆ. ಮೊದಲು ‘ಬೇಡ’ ಅನ್ನೋದ್ರ ಮೇಲೇ ನಿಂತಿರುತ್ತೆ. ಒಂದ್ಸಲ ಮೇಲಕ್ಕೆ ಒತ್ತಿ ಆಮೇಲೆ ಓಕೆ ಕೊಡ್ಬೇಕು. ನೀವು ನೇರ ಓಕೆ ಕೊಟ್ಟಿದ್ದೀರಿ.”

ಪರದೆ ಚೆನ್ನಾಗಿದ್ದಾಗ ಅವಳು ಒಂದೊಂದೇ ಫೋಟೋ ನೋಡಿ ಅಳಿಸುತ್ತಿದ್ದಳು. ಕಪ್ಪಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಅಳಿಸುವ ದಾರಿ ಹಿಡಿದಿದ್ದಳು. ಆ ಸದ್ದು ಕೇಳಿದಾಗಲೆಲ್ಲ ಕೆಲಸ ಮುಗಿಯಿತೆಂದು ನಂಬಿದ್ದಳು.

“ಈಗ ಇಲ್ಲೇ ಒಂದು ಒತ್ತು ಒತ್ತಿದ್ರೆ ಸಾಫ್” ಎಂದ ಪಾಷಾ. “ಜಾಗಾನೂ ಆಗುತ್ತೆ. ಯಾರಿಗೆ ಗೊತ್ತಾಗ್ಬೇಕು?”

ರಾಧಾಮಣಿಗೆ ಇದ್ದದ್ದು ‘ಇನ್ನು ನನ್ ಹತ್ರ ಏನೂ ಇಲ್ಲ’ ಎಂಬ ಆ ಒಂದು ಮಾತು. ಬೇರೆ ಕಡೆ ಕಡಿಮೆಗೆ ಹೊಲಿದುಕೊಡುವ ಟೈಲರುಗಳಿದ್ದರೂ ಹೆಂಗಸರು ಅವಳನ್ನೇ ಒಳಗೆ ಬಿಟ್ಟುಕೊಳ್ಳುತ್ತಿದ್ದದ್ದು ಆ ಮಾತಿಗಾಗಿ. ಅಳಿಸಿದರೆ ಮಾತು ಉಳಿದಂತೆ ಕಾಣುತ್ತದೆ. ಆದರೆ ಅಳಿಸಬೇಕಾದವರು ಅವರು, ಅವರ ಬೆರಳು.

“ಬೇಡ ಪಾಷಣ್ಣ. ಬೇರೆ ಕಾರ್ಡ್ ಇದ್ರೆ ಕೊಡಿ.”

“ಹೊಸ ಕಾರ್ಡು ನಿಮ್ ಈ ಮುದುಕಿ ಕ್ಯಾಮೆರಾಗೆ ಜೀರ್ಣ ಆಗಲ್ಲ” ಎನ್ನುತ್ತ ಪಾಷಾ ಡ್ರಾಯರು ಕೆದಕಿ, ಅಂಚೆಚೀಟಿಯಷ್ಟಗಲದ ಹಳೇ ಕಾರ್ಡೊಂದನ್ನು ಹುಡುಕಿಕೊಟ್ಟ. ತುಂಬಿದ ಕಾರ್ಡು ಅವಳ ರವಿಕೆಯೊಳಗಿನ ಪರ್ಸಿಗೆ ಹೋಯಿತು.

ಆರತಿ ರಾಹುಕಾಲಕ್ಕೆ ಮುಂಚೆಯೇ ಆಯಿತು. ಫ್ಲ್ಯಾಶು ಬೆಳಗಿದಾಗಲೆಲ್ಲ ಹೆಂಗಸರು “ಬಂತು, ಬಂತು” ಎಂದು ನಕ್ಕರು. ರಾಧಾಮಣಿ ನಗಲಿಲ್ಲ. ಎಲ್ಲರೂ ಕೋಸಂಬರಿ, ಚಿತ್ರಾನ್ನದ ತಟ್ಟೆ ಹಿಡಿದು ಕೂತ ಮೇಲೆ ಕಂಬಕ್ಕೆ ಒರಗಿ ನಿಂತು ನಡೆದದ್ದನ್ನು ಹೇಳಿದಳು. ಎರಡು ವರ್ಷದಿಂದ ತಾನು ಫೋಟೋ ತೆಗೆದವರಲ್ಲಿ ಮುಕ್ಕಾಲು ಜನ ಅಲ್ಲೇ ಇದ್ದರು.

“ಅಂದ್ರೆ ಎಲ್ಡು ವರ್ಸದಿಂದ ನಮ್ನೆಲ್ಲ ಚೀಲದಾಗೆ ಆಕ್ಕೊಂಡು ತಿರುಗ್ತಿದ್ಯಾ?” ಎಂದಳು ಒಬ್ಬಳು.

“ಅಯ್ಯೋ, ನಾನೇ ಅಲ್ವೇನೇ ಒತ್ತಿದ್ದು! ನನ್ ಕೈಯಾರೆ ‘ಬ್ಯಾಡ’ ಅಂದಿದ್ದೀನಿ!” ಎಂದಳು ಇನ್ನೊಬ್ಬಳು. ಒಂದೆರಡು ಕಡೆ ನಗೆ ಎದ್ದಿತು.

ರತ್ನಕ್ಕ ನಗಲಿಲ್ಲ. ಬಾಗಲಕೋಟೆ ಕಡೆಯಿಂದ ಬಂದು ಪಕ್ಕದ ಬೀದಿಯಲ್ಲಿ ನೆಲೆಸಿದವಳು. ಅವಳ ಮಗಳು ಪ್ರತಿಭಾಳ ಸೀಮಂತವನ್ನೂ ರಾಧಾಮಣಿಯೇ ತೆಗೆದಿದ್ದಳು. ಆಮೇಲೆ ಗಂಡನ ಮನೆಯವರೊಂದಿಗಿನ ಜಗಳ ಕೋರ್ಟಿನ ತನಕ ಹೋಗಿತ್ತು.

“ನಗೂ ಮಾತಲ್ಲ ಇದು” ಎಂದಳು ರತ್ನಕ್ಕ. “ಏನ್ರಿ ಅಕ್ಕಾರ, ನಿಮ್ಮನ್ನ ನಂಬಿ ಒಳಗ ಬಿಟ್ಟೇವಿ. ನಮ್ಮ ಹುಡುಗಿ ಆ ಮಂದಿ ಜೋಡಿ ನಿಂತಿದ್ದು ಒಂದೂ ಉಳೀಬಾರದು ಅಂತ ಆಲ್ಬಮ್ಮು ಸುಟ್ಟೇನ್ರಿ ನಾನು. ಅದು ನಿಮ್ಮ ಕಡೆ ಕುಂತೈತಿ ಅಂತೀರಿ!”

“ತಪ್ಪಾಯ್ತು ರತ್ನಕ್ಕ. ನೀವು ಹೇಳಿದ ಹಾಗೆ ಮಾಡ್ತೀನಿ.”

“ನಾ ಹೇಳೋದೇನ್ರಿ, ಅಳಸ್ರಿ. ನನ್ನ ಕಣ್ಣೆದುರಿಗೆ ಅಳಸ್ರಿ.”

ಅಂಜನಮ್ಮ ತಟ್ಟೆ ಕೆಳಗಿಟ್ಟಳು. “ಒಂದು ಮಾತು ಏಳು” ಎಂದಳು. “ಅದ್ರಾಗೆ ಇರೋದು ಎಲ್ಲಾದ್ರೂ ಓಗೈತಾ?”

“ಎಲ್ಲೂ ಹೋಗಿಲ್ಲ ಅಂಜನಕ್ಕ. ಕಾರ್ಡಲ್ಲೇ ಇದೆ. ಪಾಷಣ್ಣ ಕಾಪಿನೂ ಮಾಡ್ಕೊಂಡಿಲ್ಲ, ಕೇಳ್ಕೊಂಡೇ ಬಂದಿದ್ದೀನಿ.”

“ಅಂಗಾದ್ರೆ ಡಬ್ಬ ಮೋಸ ಮಾಡಿಲ್ಲ ಬಿಡು. ಒತ್ತೋಕೆ ಬರ್ದಿದ್ದು ನಮ್ಗೆ.”

ಮುನಿನಾರಾಯಣಮ್ಮನ ಮಗಳು ಎದ್ದು ಬಂದು ತನ್ನ ತಾಯಿಯದು ಇನ್ನೊಂದು ಪ್ರಿಂಟು ಬೇಕೆಂದಳು. ಮತ್ತಿಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇವೆಂದರು. ಒಬ್ಬಳು ಮೊರದಿಂದ ತನ್ನ ಫೋನು ಎತ್ತಿಕೊಂಡು ಹೊರಟುಹೋದಳು. ಅವಳು ಮತ್ತೆ ಕರೆಯುತ್ತಾಳೋ ಇಲ್ಲವೋ ರಾಧಾಮಣಿಗೆ ತಿಳಿಯಲಿಲ್ಲ.

ಕೊನೆಗೆ ಉಳಿದದ್ದು ಧನಲಕ್ಷ್ಮಿ. ಮಣೆಯಿಂದ ಏಳಲು ರಾಧಾಮಣಿಯೇ ಕೈಕೊಟ್ಟಳು. ಎರಡೂ ಕೈಯ ಬಳೆಗಳು ಒಮ್ಮೆಲೇ ಸದ್ದು ಮಾಡಿದವು.

“ನಿನ್ ಇವತ್ತಿನ ಫೋಟೋ ಏನ್ ಮಾಡ್ಲಿ ಧನಾ? ಬೇಡ ಅಂದ್ರೆ ಈಗ್ಲೇ ಅಳಿಸಿಬಿಡ್ತೀನಿ. ಹೆಂಗೆ ಅಂತ ಈಗ ಗೊತ್ತಾಗಿದೆ.”

“ಅಳಿಸ್ಬೇಡಿ ಅಕ್ಕ” ಎಂದಳು ಧನಲಕ್ಷ್ಮಿ. “ಪ್ರಿಂಟೂ ಬೇಡ. ಮಗು ಹುಟ್ಟೋ ತನಕ ನಿಮ್ ಹತ್ರಾನೇ ಇರ್ಲಿ. ಹುಟ್ಟಿದ್ಮೇಲೆ ನಾನೂ ಮಗೂನೂ ಸೇರಿ ನೋಡ್ತೀವಿ.”

ಮರುದಿನ ಬೆಳಿಗ್ಗೆ ಪಾಷಾ ಅಂಗಡಿಯ ಶಟರು ಎತ್ತುವ ಹೊತ್ತಿಗೆ ರಾಧಾಮಣಿಯೂ ರತ್ನಕ್ಕನೂ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಮೊದಲು ಪ್ರತಿಭಾಳ ಫೋಟೋಗಳನ್ನು ರತ್ನಕ್ಕನೇ ತನ್ನ ಬೆರಳಿನಿಂದ ಒತ್ತಿ ಅಳಿಸಿದಳು.